ಹತ್ತಿರ ಕುಳಿತವರ ಲೆಕ್ಕ



ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸನ್ನು ನೆನೆಯಿರಿ. ಕಾಲೇಜಿನ ಹೊತ್ತಿಗೆ ಅದರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಬಸ್ಸು ಎಲ್ಲಿದೆಯೆಂದು ನಿಮ್ಮ ಫೋನು ಉಪಗ್ರಹಗಳ ನೆರವಿನಿಂದ ಕೆಲವು ಮೀಟರುಗಳ ಅಂದಾಜಿನಲ್ಲಿ ಹೇಳಬಲ್ಲದು. ಆದರೆ ನಿಮ್ಮ ಪಕ್ಕದ ಸೀಟಿನಲ್ಲಿ ಯಾರ ಫೋನಿದೆ? ಅದನ್ನು ತಿಳಿಯಲು ಬ್ಲೂಟೂತ್ ಬೇಕು.

ಬ್ಲೂಟೂತ್ ಸುಮಾರು 2.4 ಗಿಗಾಹರ್ಟ್ಸ್ ಆವರ್ತನದ ರೇಡಿಯೊ ತರಂಗಗಳನ್ನು ಬಳಸುತ್ತದೆ. ಸಂಕೇತ ಬಲವಾಗಿ ಬಂದರೆ ಆ ಫೋನು ಹತ್ತಿರವಿದೆ, ಕ್ಷೀಣವಾಗಿ ಬಂದರೆ ದೂರವಿದೆ ಎಂದು ಲೆಕ್ಕ. ಈ ಲೆಕ್ಕ ತಪ್ಪುವುದೂ ಉಂಟು. ನಡುವೆ ಜನ ನಿಂತರೆ ಸಂಕೇತ ತಗ್ಗುತ್ತದೆ. ಒಂದೇ ಗೋಡೆಯ ಆಚೀಚೆ ಇರುವ ಎರಡು ಮನೆಯವರು ಜೊತೆಯಲ್ಲೇ ಕುಳಿತಂತೆ ಕಾಣಬಹುದು. 2019ರ ಐಫೋನ್ 11ರಲ್ಲಿ ಬಂದ ಅಲ್ಟ್ರಾ ವೈಡ್‌ಬ್ಯಾಂಡ್ ಇನ್ನೂ ನಿಖರ. ಅದು ತರಂಗ ಹೋಗಿಬರುವ ಕಾಲವನ್ನೇ ಅಳೆಯುತ್ತದೆ. ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರು ಸಾಗುವುದರಿಂದ ದೂರವು ಗೇಣು, ಎರಡು ಗೇಣಿನ ಅಂದಾಜಿಗೆ ಸಿಗುತ್ತದೆ.

ಇದರ ಉಪಯೋಗವನ್ನೂ ಅಪಾಯವನ್ನೂ ನಮ್ಮ ದೇಶ ಕೊರೋನಾ ಕಾಲದಲ್ಲಿ ಕಂಡಿತು. 2020ರ ಏಪ್ರಿಲ್ 2ರಂದು ಕೇಂದ್ರ ಸರ್ಕಾರ ‘ಆರೋಗ್ಯ ಸೇತು’ ಆ್ಯಪ್ ಹೊರತಂದಿತು. ಈ ಆ್ಯಪ್ ಇದ್ದ ಎರಡು ಫೋನುಗಳು ಹತ್ತಿರ ಬಂದರೆ ಬ್ಲೂಟೂತ್ ಮೂಲಕ ತಮ್ಮ ಗುರುತಿನ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದವು, ಜಿ.ಪಿ.ಎಸ್. ಮೂಲಕ ಸ್ಥಳವೂ ದಾಖಲಾಗುತ್ತಿತ್ತು. ಒಬ್ಬರಿಗೆ ಸೋಂಕು ತಗುಲಿದರೆ ಹತ್ತಿರವಿದ್ದವರನ್ನು ಎಚ್ಚರಿಸುವುದು ಉದ್ದೇಶ. ಅದೇ ತಿಂಗಳು ಆ್ಯಪಲ್ ಮತ್ತು ಗೂಗಲ್ ಕಂಪನಿಗಳು ಪ್ರಕಟಿಸಿದ ವಿಧಾನ ಬೇರೆ. ಅದರಲ್ಲಿ ಸ್ಥಳದ ದಾಖಲೆಯಿಲ್ಲ, ಗುರುತಿನ ಸಂಕೇತ ಆಗಾಗ ಬದಲಾಗುತ್ತದೆ, ಯಾರು ಯಾರನ್ನು ಸಂಧಿಸಿದರೆಂಬ ಹೋಲಿಕೆ ಫೋನಿನೊಳಗೇ ನಡೆಯುತ್ತದೆ. ಇಲ್ಲಿ ಖಾಸಗಿತನ ಹೆಚ್ಚು ಉಳಿಯುತ್ತದೆ. ಆದರೆ ಸೋಂಕು ಯಾವ ಬಡಾವಣೆಯಲ್ಲಿ ಹಬ್ಬುತ್ತಿದೆಯೆಂದು ಆರೋಗ್ಯ ಇಲಾಖೆಗೆ ತಿಳಿಯುವುದಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಬೇಕು.

ಎಷ್ಟು ಬಿಟ್ಟುಕೊಡಬೇಕು, ಯಾರನ್ನು ಕೇಳಿ? ಈ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಬಳಕೆದಾರರಿಗೆ ತಿಳಿಯಹೇಳಿ ಒಪ್ಪಿಗೆ ಪಡೆಯದೆ ಆರೋಗ್ಯ ಸೇತುವಿನ ಮಾಹಿತಿಯನ್ನು ಇತರರೊಂದಿಗೆ ಹಂಚಿಕೊಳ್ಳಬಾರದೆಂದು 2021ರ ಜನವರಿ 25ರಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ಇಂಥ ಆದೇಶಕ್ಕೆ ಬುನಾದಿ ಹಾಕಿದ್ದು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳ ಪೀಠ ಸಾರಿದ ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆರೋಗ್ಯ ಸೇತುವಿನ ಸಂಪರ್ಕ ಪತ್ತೆ ವ್ಯವಸ್ಥೆಯನ್ನು ನಿಲ್ಲಿಸಿ, ಸಂಗ್ರಹಿಸಿದ ಆ ಮಾಹಿತಿಯನ್ನು ಅಳಿಸಲಾಗಿದೆಯೆಂದು 2023ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು.

‘ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?’ ಎಂದು ನೀವು ಕೇಳಬಹುದು. ಸಣ್ಣ ಊರಿನಲ್ಲಿ ಯಾರು ಯಾರ ಜೊತೆ ಬಸ್ಸಿಳಿದರೆಂಬುದು ನಾಲ್ಕು ಜನರ ಬಾಯಿಗೆ ಬೀಳುತ್ತದೆ. ನಾಲ್ಕು ದಿನಕ್ಕೆ ಮರೆತೂ ಹೋಗುತ್ತದೆ. ಯಂತ್ರದ ದಾಖಲೆ, ಯಾರಾದರೂ ಅಳಿಸುವವರೆಗೆ ಮರೆಯುವುದಿಲ್ಲ. ನಿಮ್ಮ ಗೆಳೆತನ, ವೈದ್ಯರ ಭೇಟಿ, ನೀವು ಹೋದ ಸಭೆ ಎಲ್ಲವನ್ನೂ ಅದರಿಂದ ಊಹಿಸಬಹುದು.

ಆದ್ದರಿಂದ ಯಾವುದೇ ಆ್ಯಪ್ ಬ್ಲೂಟೂತ್ ಅಥವಾ ಸ್ಥಳದ ಅನುಮತಿ ಕೇಳಿದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ: ಈ ಕೆಲಸಕ್ಕೆ ಅದು ನಿಜಕ್ಕೂ ಬೇಕೆ? ಮಾಹಿತಿ ಉಳಿಯುವುದು ಯಾರ ಬಳಿ, ಎಷ್ಟು ದಿನ? ಬೇಡವೆನಿಸಿದಾಗ ನಿಲ್ಲಿಸಬಹುದೆ? ಉತ್ತರ ಸಿಗದಿದ್ದರೆ ಅನುಮತಿ ಕೊಡಬೇಡಿ. ಇಂದೇ ನಿಮ್ಮ ಫೋನಿನ ಅನುಮತಿಗಳ ಪಟ್ಟಿಯನ್ನು ತೆರೆದು ನೋಡಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಯ ಫೋನುಗಳನ್ನೂ ಅವರನ್ನು ಕೇಳಿ, ಅವರ ಜೊತೆ ಕುಳಿತೇ ನೋಡಿ.