ಅನಾಥರ ಗೋಡೆ ನಿಲ್ಲಿಸುವವರು ಯಾರು?



ಪ್ರತಿ ಶುಕ್ರವಾರ ನಾವು ಸೂರಃ ಅಲ್ ಕಹ್ಫ್ ಓದುತ್ತೇವೆ. ಹ. ಮೂಸಾ(ಅ) ಮತ್ತು ಹ. ಖಿಝ್ರ್(ಅ) ಒಂದು ಊರಿಗೆ ಬಂದು ಊಟ ಕೇಳುತ್ತಾರೆ. ಊರವರು ಕೊಡುವುದಿಲ್ಲ. ಅದೇ ಊರಿನಲ್ಲಿ ಬೀಳಲಿದ್ದ ಗೋಡೆಯೊಂದನ್ನು ಖಿಝ್ರ್(ಅ) ನೆಟ್ಟಗೆ ನಿಲ್ಲಿಸುತ್ತಾರೆ. ಕೂಲಿಯನ್ನಾದರೂ ಪಡೆಯಬಹುದಿತ್ತಲ್ಲ ಎನ್ನುತ್ತಾರೆ ಮೂಸಾ(ಅ). ಕಾರಣ ಆಮೇಲೆ ತಿಳಿಯುತ್ತದೆ. ಗೋಡೆ ಇಬ್ಬರು ಅನಾಥ ಹುಡುಗರದು, ಅದರಡಿ ಅವರ ನಿಧಿ ಇದೆ. ಅವರು ಪ್ರಾಯಕ್ಕೆ ಬಂದು ಅದನ್ನು ತೆಗೆದುಕೊಳ್ಳಬೇಕೆಂಬುದು ಅಲ್ಲಾಹನ ಇಚ್ಛೆ.

ಓದುತ್ತೇವೆ, ಆದರೆ ನಮ್ಮ ಊರಿನ ಗೋಡೆಗಳು ನಮಗೆ ಕಾಣುವುದಿಲ್ಲ.

ಬಂಟ್ವಾಳವಾಗಲಿ, ಬೆಳ್ತಂಗಡಿ, ಮೂಡುಬಿದಿರೆಯಾಗಲಿ, ಇಂಥ ಮನೆ ನಮಗೆ ಗೊತ್ತಿರುವುದೇ. ತಂದೆ ತೀರಿಕೊಂಡಿರುತ್ತಾರೆ, ಇಲ್ಲವೇ ಹಾಸಿಗೆ ಹಿಡಿದಿರುತ್ತಾರೆ. ತಾಯಿ ಬೀಡಿ ಕಟ್ಟುತ್ತಾರೆ. ಆಸ್ಪತ್ರೆಯ ಸಾಲ ಇರುತ್ತದೆ. ಒಂಬತ್ತನೇ ತರಗತಿಯ ಹುಡುಗ 'ಸ್ವಲ್ಪ ದಿನಕ್ಕೆ' ಎಂದು ಅಂಗಡಿ ಕೆಲಸಕ್ಕೆ ಸೇರುತ್ತಾನೆ. ಎರಡು ವರ್ಷ ಕಳೆಯುತ್ತದೆ. ಜುಮಾದಲ್ಲಿ ನಮ್ಮ ಸಫ್‌ನಲ್ಲೇ ನಿಂತಿರುತ್ತಾನೆ. "ಮನೆಗೆ ಆಸರೆಯಾದೆ ಮೋನೇ" ಎಂದು ಬೆನ್ನು ತಟ್ಟುತ್ತೇವೆ. ಮತ್ತೆ ಓದುತ್ತೀಯಾ ಎಂದು ಕೇಳಿದವರೆಷ್ಟು ಮಂದಿ? ಹೆಣ್ಣುಮಕ್ಕಳದ್ದಂತೂ ಸದ್ದೇ ಇಲ್ಲ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ತಾಯಿಯ ಪಕ್ಕ ಕೂತುಬಿಡುತ್ತಾರೆ.

ಕೇಳಿದವರೂ ಫೀಸಿನ ಮಾತಾಡುತ್ತಾರೆ. ಸರಕಾರಿ ಶಾಲೆಯಲ್ಲಿ ಫೀಸು ದೊಡ್ಡ ಹೊರೆಯಲ್ಲ. ಹುಡುಗನನ್ನು ಹಿಡಿದಿಟ್ಟಿರುವುದು ಅವನು ಮನೆಗೆ ತರುವ ಸಂಬಳ. ಅದರ ಜಾಗ ತುಂಬದೆ ಬ್ಯಾಗು, ಪುಸ್ತಕ ಕೊಟ್ಟು ಫೋಟೊ ತೆಗೆಸಿಕೊಂಡರೆ ಅವನು ಜೂನ್‌ನಲ್ಲಿ ಬಂದು ಆಗಸ್ಟ್‌ನಲ್ಲಿ ಬಿಡುತ್ತಾನೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಸೂರಃ ಅತ್ತೌಬಃದ 60ನೇ ಸೂಕ್ತ ಹೇಳುತ್ತದೆ. ಸಾಲದಲ್ಲಿ ಸಿಕ್ಕಿಬಿದ್ದವರೂ ಅದರಲ್ಲಿದ್ದಾರೆ. ಆ ಆಸ್ಪತ್ರೆಯ ಸಾಲ ತೀರಿಸುವುದು, ಓದು ಮುಗಿಯುವ ತನಕ ತಿಂಗಳ ಸಾಮಾನು ಮನೆಗೆ ಮುಟ್ಟಿಸುವುದು, ಇದೇ ನಮ್ಮ ಪಾಲಿನ ಗೋಡೆ ಕೆಲಸ.

ಕೆಲಸ ಪೂರ್ತಿ ಬಿಡಲಾಗದವನಿಗೂ ದಾರಿ ಇದೆ. 14 ವರ್ಷ ತುಂಬಿದವರು ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಮುಗಿಸಬಹುದು. ಒಮ್ಮೆ ನೋಂದಾಯಿಸಿದರೆ 5 ವರ್ಷದ ಅವಧಿ, 9 ಸಲ ಪರೀಕ್ಷೆಗೆ ಅವಕಾಶ. ಒಂದೊಂದೇ ವಿಷಯ ಪಾಸು ಮಾಡಿಕೊಳ್ಳಬಹುದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಲೂ ಬಹುದು. ಶಾಲೆಗೇ ಮರಳುವ ಮಕ್ಕಳ ತಾಯಿಯ ಬಳಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಆನ್‌ಲೈನ್ ಅರ್ಜಿ ತುಂಬಿಕೊಡಬಲ್ಲ ಡಿಗ್ರಿ ಮಕ್ಕಳು ನಮ್ಮ ಮೊಹಲ್ಲಾದಲ್ಲೇ ಇದ್ದಾರಲ್ಲ.

ಉಳಿಯುವುದು ನಾಚಿಕೆ. ತನಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರುವುದು ಸುಲಭವಲ್ಲ. ಹ. ಝೈದ್ ಬಿನ್ ಸಾಬಿತ್(ರ) ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡವರು. ಬದ್ರ್‌ಗೆ ಹೊರಟಾಗ ಸಣ್ಣವನೆಂದು ಅವರನ್ನು ಹಿಂದೆ ಕಳುಹಿಸಲಾಯಿತು. ಪ್ರವಾದಿ(ಸ) ಅವರಿಗೆ ಯಹೂದಿಗಳ ಲಿಪಿ ಕಲಿಯಲು ಹೇಳಿದರು, ಅರ್ಧ ತಿಂಗಳಲ್ಲಿ ಕಲಿತರು. ಮುಂದೆ ಕುರ್‌ಆನ್ ಅನ್ನು ಒಂದೆಡೆ ಸಂಗ್ರಹಿಸುವ ಹೊಣೆಯನ್ನು ಹ. ಅಬೂಬಕರ್(ರ) ಒಪ್ಪಿಸಿದ್ದು ಅವರಿಗೇ.

ನಮಾಝ್ ಮುಗಿದ ಮೇಲೆ ಮಸೀದಿಯ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿರುತ್ತೇವೆ. ನಿಮ್ಮ ನೆರೆಯಲ್ಲಿ ಶಾಲೆ ಬಿಟ್ಟ ಮಗುವಿದ್ದರೆ ಮನೆಯವರನ್ನು ಕೇಳಿ ಹೆಸರು ಬರೆಸಿ. ಪುಸ್ತಕ ಖತೀಬರ ಬಳಿಯೇ ಇರುತ್ತದೆ. ಅದರಲ್ಲಿರುವ ಒಂದು ಹೆಸರನ್ನೂ ಮೈಕಿನಲ್ಲಿ ಓದುವುದಿಲ್ಲ.