ಬಲಶಾಲಿಯನ್ನು ಕಣಕ್ಕಿಳಿಸುವ ಹೊತ್ತು

ಕನ್ನಡ ಪಂಡಿತನೊಬ್ಬ ಮಕ್ಕಳ ಯಂತ್ರದಾಟದ ವಿಷಯ ಮಾತನಾಡಲು ಹೊರಟಿದ್ದಾನೆಂದರೆ ನಿಮ್ಮಲ್ಲಿ ಕೆಲವರು ರೇಡಿಯೋದ ಕಿವಿ ಹಿಂಡಲು ಕೈ ಚಾಚಿಯಾರು. ಸ್ವಲ್ಪ ತಾಳಿ. ನಾನೂ ಹೀಗೆಯೇ ಕೈ ಚಾಚಿದವನು. ಯಾದವಗಿರಿಯ ನಮ್ಮ ಮನೆಯಲ್ಲಿ ನನ್ನ ಅಕ್ಕನ ಮೊಮ್ಮಗ ಓದಿಗಾಗಿ ಬಂದು ಇದ್ದಾನೆ. ಏಳನೆಯ ತರಗತಿ. ಅಮೆರಿಕದಲ್ಲಿರುವ ಅವನ ಸೋದರಮಾವ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರವನ್ನು ತಂದುಕೊಟ್ಟ ದಿನದಿಂದ, ಸಂಜೆಯ ಹೊತ್ತು ನಮ್ಮ ಹಜಾರ ರಣರಂಗವಾಗಿಬಿಟ್ಟಿತ್ತು. ಒಂದು ದಿನ ಅದನ್ನು ಕಿತ್ತು ಬೀರುವಿನಲ್ಲಿಡಬೇಕೆಂದು ಎದ್ದೆ. ಹೋಗಿ ನೋಡಿದರೆ ಹುಡುಗ ಅಳುತ್ತಿದ್ದ.

ಕಾರಣ ವಿಚಾರಿಸಿದೆ. ಬೆಂಗಳೂರಿನಲ್ಲಿರುವ ಅವನ ದೊಡ್ಡಪ್ಪನ ಮಗ ಇವನಿಗಿಂತ ಮೂರು ವರ್ಷ ದೊಡ್ಡವನು. ಇಬ್ಬರೂ ದೂರದಿಂದಲೇ ಆಡಬಲ್ಲರು. ಎರಡು ಭಾನುವಾರ ಇವನು ಸೋತಿದ್ದಾನೆ. ಅಣ್ಣ ಛೇಡಿಸಿದ್ದಾನೆ. ಇವನು ರೋಷದಲ್ಲಿ, ಮೂರನೆಯ ಭಾನುವಾರವೂ ಸೋತರೆ ತನ್ನ ಗಾರ್ಚಾಂಪನ್ನೇ ಬಿಟ್ಟುಕೊಡುತ್ತೇನೆಂದು ಪಣ ಒಡ್ಡಿದ್ದಾನೆ. ಗಾರ್ಚಾಂಪ್ ಎಂದರೆ ಆ ಆಟದೊಳಗಿನ ಒಂದು ಮಹಾಮೃಗ. ಬೇಸಗೆಯ ರಜೆಯಲ್ಲಿ ಮೊಟ್ಟೆಯೊಡೆಸಿ, ಮರಿಯಿಂದ ಸಾಕಿ, ದೊಡ್ಡದು ಮಾಡಿದ್ದ. ಆ ಆಟದಲ್ಲಿ ಒಬ್ಬನ ಮೃಗ ಇನ್ನೊಬ್ಬನ ಕೈಗೆ ಹೋದರೆ ಹೋಯಿತು. ಅವನಾಗಿ ಹಿಂದಿರುಗಿಸಿದರೆ ಮಾತ್ರ ಬಂತು. "ಧರ್ಮರಾಯ ಜೂಜಾಡಿದ್ದು ಸಾಲದೆ ನೀನೂ ಶುರುಮಾಡಿದೆಯೇನೋ?" ಎಂದು ಗದರಿಸಿದೆ. "ಮಾತು ಕೊಟ್ಟುಬಿಟ್ಟಿದ್ದೀನಿ ತಾತ" ಎಂದ. ಕೊಟ್ಟ ಮಾತಿನ ಮಹಿಮೆಯನ್ನು ಮೂವತ್ತು ವರ್ಷ ಪಾಠ ಹೇಳಿದವನು ಆ ಮಾತಿಗೆ ಏನು ಉತ್ತರ ಹೇಳಲಿ? ಯಂತ್ರ ಬೀರುವಿಗೆ ಹೋಗಲಿಲ್ಲ. ನಾನೇ ಅವನ ಪಕ್ಕದಲ್ಲಿ ಕುಳಿತೆ.

ಆಟದ ಹೆಸರು ಪೋಕೆಮಾನ್. ಜಪಾನಿನಲ್ಲಿ 1996ರಲ್ಲಿ ಹುಟ್ಟಿದ್ದು. ಅದನ್ನು ಕಲ್ಪಿಸಿದ ಸತೋಷಿ ತಾಜಿರಿ ಎಂಬಾತ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿಯುವ ಹವ್ಯಾಸದವನಂತೆ. ಬೆಂಕಿಪೊಟ್ಟಣದಲ್ಲಿ ಜೀರುಂಡೆ ಸಾಕಿದ ನಮಗೆ ಆತ ತೀರ ಅಪರಿಚಿತನೇನೂ ಅಲ್ಲ. ಒಬ್ಬೊಬ್ಬನ ಬಳಿ ಆರು ಮೃಗಗಳು. ಪ್ರತಿಯೊಂದಕ್ಕೂ ನಾಲ್ಕೇ ನಾಲ್ಕು ಪಟ್ಟುಗಳು. ಪಟ್ಟು ಎಂಬ ಮಾತನ್ನು ನಮ್ಮ ಮೈಸೂರಿನ ಗರಡಿಯಿಂದ ತೆಗೆದುಕೊಂಡಿದ್ದೇನೆ. ಬೆಂಕಿ, ನೀರು, ಹಿಮ, ಮಣ್ಣು, ಉಕ್ಕು ಮೊದಲಾದ ಗುಣಗಳಿವೆ, ಒಟ್ಟು ಹದಿನೆಂಟು. ಭಾರತದ ಪರ್ವಗಳೂ ಅಷ್ಟೇ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ನೀರು ಬೆಂಕಿಗೆ ಇಮ್ಮಡಿ ಏಟು ಕೊಡುತ್ತದೆ; ಮಿಂಚು ಮಣ್ಣನ್ನು ಏನೂ ಮಾಡಲಾರದು. ಒಂದು ಮೃಗಕ್ಕೆ ಎರಡು ಗುಣಗಳಿದ್ದು ಎರಡಕ್ಕೂ ಒಂದೇ ವೈರಿ ಇದ್ದರೆ ಏಟು ನಾಲ್ಮಡಿ. ಸಂಧಿಯ ಸೂತ್ರ ಕಲಿತವರಿಗೆ ಇದೊಂದು ಕಷ್ಟವೇ ಅಲ್ಲ.

ಗಾರ್ಚಾಂಪ್ ಮಣ್ಣು ಮತ್ತು ಡ್ರ್ಯಾಗನ್ ಎಂಬೆರಡು ಗುಣಗಳ ಪ್ರಾಣಿ. 2006ರಲ್ಲಿ ಆಟಕ್ಕೆ ಬಂದದ್ದು. ಅದರ ಹೊಡೆತದ ಅಂಕ 130, ವೇಗದ ಅಂಕ 102. ಈ 102ರ ಬೆಲೆ ನನಗೆ ಮೊದಲು ತಿಳಿಯಲಿಲ್ಲ. ಎದುರಿಗೆ ಬರುವ ದೊಡ್ಡ ಮೃಗಗಳಲ್ಲಿ ಹಲವಕ್ಕೆ ವೇಗ ಸರಿಯಾಗಿ 100. ಒಂದೇ ಬಗೆಯಾಗಿ ಸಾಕಿದ್ದರೆ, ಈ ಎರಡೇ ಅಂಕದಿಂದ ಗಾರ್ಚಾಂಪ್ ಮೊದಲು ಹೊಡೆಯುತ್ತದೆ. ಮೊದಲು ಹೊಡೆದವನು ಎದುರಾಳಿಯನ್ನು ಕೆಡವಿದರೆ, ಕೆಡೆದವನಿಗೆ ಮರುಹೊಡೆತವೆಲ್ಲಿ? ಇದಲ್ಲದೆ ಖಡ್ಗನೃತ್ಯವೆಂಬ ಒಂದು ಪಟ್ಟಿದೆ. ಒಂದು ಸರದಿಯನ್ನು ಅದಕ್ಕೆ ವ್ಯಯಮಾಡಿದರೆ ಹೊಡೆತದ ಬಲ ಇಮ್ಮಡಿಸುತ್ತದೆ. ಇಷ್ಟೆಲ್ಲ ಇದ್ದೂ ಹುಡುಗ ಸೋತದ್ದು ಹೇಗೆ?

ಎರಡು ಭಾನುವಾರವೂ ಅವನು ಮಾಡಿದ್ದು ಒಂದೇ. ಗಾರ್ಚಾಂಪನ್ನು ಎಲ್ಲಕ್ಕಿಂತ ಮೊದಲು ಕಣಕ್ಕಿಳಿಸಿದ. ಖಡ್ಗನೃತ್ಯ ಮಾಡಿಸಿದ. ಅಷ್ಟರಲ್ಲಿ ಅಣ್ಣ ವೀವೈಲ್ ಎಂಬ ಹಿಮದ ಮೃಗವನ್ನು ತಂದ. ಅದರ ವೇಗ 125. ಮಣ್ಣಿಗೂ ಹಿಮ ವೈರಿ, ಡ್ರ್ಯಾಗನ್ನಿಗೂ ಹಿಮ ವೈರಿ. ನಾಲ್ಮಡಿ ಏಟಿಗೆ ಮಹಾಮೃಗ ಮಕಾಡೆ ಮಲಗಿತು. ಉಳಿದವು ಅನಾಥವಾದುವು. "ಅದೇ ಜೋರಾಗಿರೋದು ತಾತ, ಅದನ್ನೇ ಮೊದಲು ಬಿಡಬೇಕಲ್ಲವಾ?" ಎಂದು ಕೇಳಿದ.

ಈ ಪ್ರಶ್ನೆಯನ್ನು ನಾನು ಹಿಂದೆಯೂ ಕೇಳಿದ್ದೆ. ಶಾಲೆಯಲ್ಲಿ ಚದುರಂಗ ಕಲಿಯುವ ಪ್ರತಿಯೊಬ್ಬ ಹುಡುಗನೂ ಮಂತ್ರಿಯನ್ನು ಮೂರನೆಯ ನಡೆಗೇ ಹೊರಕ್ಕೆ ಹಾರಿಸುತ್ತಾನೆ. ಎದುರಾಳಿ ಕುದುರೆಯನ್ನು ಎತ್ತಿಟ್ಟು ಮಂತ್ರಿಯನ್ನು ಬೆದರಿಸುತ್ತಾನೆ. ಒಂಟೆಯನ್ನು ತಂದು ಮತ್ತೆ ಬೆದರಿಸುತ್ತಾನೆ. ಮಂತ್ರಿ ಓಡುತ್ತಲೇ ಇರುತ್ತಾನೆ, ಎದುರಾಳಿಯ ಸೈನ್ಯ ಪುಕ್ಕಟೆಯಾಗಿ ಸಜ್ಜಾಗುತ್ತಲೇ ಇರುತ್ತದೆ. ಹಳೆಯ ಚದುರಂಗದಲ್ಲಿ ಮಂತ್ರಿಗೆ ಓರೆಯಾಗಿ ಒಂದೇ ಮನೆಯ ನಡೆ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನ್ ಇಟಲಿಗಳ ಕಡೆ ಅವನಿಗೆ ಎಂಟು ದಿಕ್ಕಿಗೂ ಓಡುವ ಬಲ ಬಂತು. ಬಲ ಬಂದಂದಿನಿಂದ ಅವನನ್ನು ಎಂದು ಹೊರಡಿಸಬೇಕೆಂಬ ತಲೆನೋವೂ ಬಂತು.

ಮೈಸೂರಿನವರಿಗೆ ಚದುರಂಗ ಹೊರಗಿನದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಎಷ್ಟು ಮುಳುಗಿದ್ದರೆಂಬುದಕ್ಕೆ ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯೇ ಸಾಕ್ಷಿ. ಹನ್ನೆರಡಕ್ಕೆ ಹನ್ನೆರಡು ಮನೆಗಳ ಮಣೆಯ ಮೇಲೆ ಕುದುರೆಯನ್ನು ಪ್ರತಿಯೊಂದು ಮನೆಗೂ ಒಮ್ಮೆ ಮಾತ್ರ ನಡೆಸಿ, ನಡೆಗಳ ಸಂಖ್ಯೆಯನ್ನು ಅಡ್ಡಡ್ಡಲಾಗಿ ಕೂಡಿದರೂ ಉದ್ದುದ್ದಲಾಗಿ ಕೂಡಿದರೂ 870 ಬರುವಂತೆ ಕಟ್ಟಿದವರು ಅವರು. ಕರ್ನಾಟಕದ ಮೊಟ್ಟಮೊದಲ ಗ್ರ್ಯಾಂಡ್ ಮಾಸ್ಟರ್ ತೇಜ್‌ಕುಮಾರ್ ಅವರೂ ನಮ್ಮ ಊರಿನವರೇ. 2017ರಲ್ಲಿ ಆ ಪದವಿಗೇರಿದರು. ಇದು ವಿಷಯಾಂತರವಾಯಿತು. ಊರಿನ ಹೆಮ್ಮೆ ಬಂದಾಗ ಮೇಷ್ಟರುಗಳ ಮಾತು ಹಳಿ ತಪ್ಪುವುದು ವಾಡಿಕೆ.

ಹುಡುಗನಿಗೆ ಚದುರಂಗ ಹೇಳಿದರೆ ಕಿವಿಗೆ ಹೋಗಲಿಲ್ಲ. ಕರ್ಣನ ಕಥೆ ಹೇಳಿದೆ. ಕವಚಕುಂಡಲಗಳನ್ನು ಕಿತ್ತುಕೊಟ್ಟು ಇಂದ್ರನಿಂದ ಕರ್ಣ ಪಡೆದದ್ದು ಒಂದು ಶಕ್ತ್ಯಾಯುಧ. ಒಬ್ಬನ ಮೇಲೆ, ಒಂದೇ ಸಲ. ಅದನ್ನು ಅರ್ಜುನನಿಗೆಂದು ಮೀಸಲಿಟ್ಟಿದ್ದ. ಅದು ಅವನ ಕೈಯಲ್ಲಿರುವಷ್ಟು ದಿನ ಕೃಷ್ಣನಿಗೆ ನಿದ್ರೆಯಿಲ್ಲ. ಅರ್ಜುನನ ರಥವನ್ನು ಕರ್ಣನ ಎದುರಿಗೆ ನಿಲ್ಲಿಸದಂತೆ ನೋಡಿಕೊಳ್ಳುತ್ತಲೇ ಇದ್ದ. ಆಯುಧ ಇನ್ನೂ ಬಿಟ್ಟಿಲ್ಲ. ಆದರೂ ಅದು ಪಾಂಡವರ ರಥಗಳ ದಾರಿಯನ್ನು ನಿರ್ಣಯಿಸುತ್ತಿತ್ತು. ಕೊನೆಗೆ ದ್ರೋಣಪರ್ವದ ಆ ರಾತ್ರಿಯ ಯುದ್ಧದಲ್ಲಿ ಘಟೋತ್ಕಚನನ್ನು ಮುಂದಕ್ಕೆ ಬಿಟ್ಟ. ಕೌರವ ಸೇನೆ ಹಾಹಾಕಾರ ಮಾಡಿತು. ಎಲ್ಲರೂ ಕರ್ಣನನ್ನು ಪೀಡಿಸಿದರು. ಕರ್ಣ ಶಕ್ತಿಯನ್ನು ಪ್ರಯೋಗಿಸಿದ. ಘಟೋತ್ಕಚ ಬಿದ್ದ, ಪಾಂಡವರು ಅತ್ತರು, ಕೃಷ್ಣನೊಬ್ಬ ಕುಣಿದ. ಕರ್ಣ ಆ ರಾತ್ರಿ ಗೆದ್ದವನಲ್ಲವೆಂಬುದನ್ನು ಕಂಡವನು ಅವನೊಬ್ಬನೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಣ್ಣನ ವೀವೈಲು ನನ್ನ ಗಾರ್ಚಾಂಪಿಗೋಸ್ಕರಾನೇ ಕಾಯ್ತಿರತ್ತೆ" ಎಂದ. ಅಷ್ಟು ಹೊಳೆದರೆ ಸಾಕು, ಉಳಿದದ್ದು ಲೆಕ್ಕ.

ಆ ಲೆಕ್ಕಕ್ಕೆ ನಾವಿಬ್ಬರೂ ಒಂದು ವಾರ ಕುಳಿತೆವು. ನನ್ನ ಹಾಜರಿ ಪುಸ್ತಕದ ಕೊನೆಯ ಹಾಳೆಗಳು ಈಗಲೂ ಅದಕ್ಕೆ ಸಾಕ್ಷಿ. ಬಲಶಾಲಿಯನ್ನು ಒಳಕ್ಕೆ ತರುವುದೂ ಒಂದು ಕಲೆಯೆಂದು ಆಗ ತಿಳಿಯಿತು. ಒಂದು ಮೃಗವನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಬಿಟ್ಟರೆ ಆ ಸರದಿ ಅದರಲ್ಲೇ ಕಳೆಯುತ್ತದೆ. ಬಂದದ್ದು ಎದುರಾಳಿಯ ಏಟನ್ನು ಮೈಮೇಲೆ ತಾಳಬೇಕು. ಆದರೆ ಬರುವ ಏಟು ಮಿಂಚಿನದಾದರೆ ಮಣ್ಣಿನ ಗಾರ್ಚಾಂಪಿಗೆ ಕೂದಲೂ ಕೊಂಕದು. ಆದುದರಿಂದ ಎದುರಾಳಿ ಮಿಂಚನ್ನೇ ಎಸೆಯುವಂತೆ ಮಾಡಬೇಕು. ಅದಕ್ಕೆ ಗ್ಯಾರಡೋಸ್ ಎಂಬ ನೀರಿನ ಹಾರುಪ್ರಾಣಿ. ಮಿಂಚು ಅದಕ್ಕೆ ನಾಲ್ಮಡಿ ವೈರಿ. ಅದು ಕಣದಲ್ಲಿರುವಾಗ ಮಿಂಚುಳ್ಳವನು ಬೇರೆ ಏನನ್ನೂ ಎಸೆಯಲಾರ. ಇನ್ನು ವೀವೈಲಿಗೆ ಸಿಜರ್ ಎಂಬ ಉಕ್ಕಿನ ಕೀಟ. ಅದರ ಒಂದು ಗುದ್ದು ವೇಗವನ್ನು ಲೆಕ್ಕಿಸದೆ ಮೊದಲು ಬೀಳುತ್ತದೆ. ಹಿಮವನ್ನು ಉಕ್ಕು ಪುಡಿಮಾಡುತ್ತದೆ.

ಇಬ್ಬಿಬ್ಬರನ್ನು ಒಟ್ಟಿಗೆ ಇಳಿಸುವ ಇನ್ನೊಂದು ಕ್ರಮವೂ ಇದೆ. ಜಾಗತಿಕ ಪಂದ್ಯಗಳು ನಡೆಯುವುದು ಹಾಗೆಯೇ. ಅಲ್ಲಿ ಗಾರ್ಚಾಂಪಿನ ಭೂಕಂಪವೆಂಬ ಪಟ್ಟು ಪಕ್ಕದ ಗೆಳೆಯನನ್ನೂ ಕೆಡವುತ್ತದೆ. ಹಾರುವ ಗೆಳೆಯನಿದ್ದರೆ ಕ್ಷೇಮ. ಬಲಿಷ್ಠರ ಪಕ್ಕದಲ್ಲಿ ಮನೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾನುವಾರ ಬಂತು. ನನ್ನ ಮನೆಯಾಕೆ ಕೂಡ ಹುರುಳಿಕಾಯಿ ಸೋಸುವ ಮೊರವನ್ನು ಹಜಾರಕ್ಕೇ ತಂದು ಕುಳಿತರು. ಇಬ್ಬರೂ ತಮ್ಮ ಆರಾರು ಮೃಗಗಳನ್ನು ತೋರಿಸಿ, ಗುಟ್ಟಾಗಿ ಮೂರು ಮೂರನ್ನು ಆರಿಸಿಕೊಳ್ಳಬೇಕು. ನಡುವೆ ಗುಣ ಬದಲಿಸುವ ಒಂದು ವಿದ್ಯೆಯೂ ಆಟದಲ್ಲಿ ಇದೆಯಂತೆ. ಅದನ್ನು ಬಿಟ್ಟು ಆಡುವುದೆಂದು ಮೊದಲೇ ಒಪ್ಪಿದ್ದರು. ಹುಡುಗ ಮೊದಲು ಗ್ಯಾರಡೋಸನ್ನು ಬಿಟ್ಟ. ಅಣ್ಣನ ಕಡೆಯಿಂದ ಬೆಂಕಿಯುಗುಳುವ ಚಾರಿಜಾರ್ಡ್ ಬಂತು. ನೀರಿನ ಎದುರು ಬೆಂಕಿ ನಿಲ್ಲುವುದೇ? ಅಣ್ಣ ಅದನ್ನು ಹಿಂದಕ್ಕೆ ಕರೆದು ಮಿಂಚಿನ ಮ್ಯಾಗ್ನಜೋನನ್ನು ತಂದ. ನಮಗೆ ಬೇಕಾದದ್ದೂ ಅದೇ. ಹುಡುಗ ಗ್ಯಾರಡೋಸನ್ನು ಕರೆದು ಗಾರ್ಚಾಂಪನ್ನು ಬಿಟ್ಟ. ಮಿಂಚು ಬಂದು ಬಡಿಯಿತು, ಏನೂ ಆಗಲಿಲ್ಲ.

ಈಗ ಭೂಕಂಪ ಮಾಡಿದರೆ ಮ್ಯಾಗ್ನಜೋನಿಗೆ ನಾಲ್ಮಡಿ ಏಟು. ಅವನ ಬೆರಳು ಅದರ ಮೇಲೆಯೇ ಇತ್ತು. ನಾನು ಉಸಿರು ಬಿಗಿಹಿಡಿದೆ, ಆದರೆ ಬಾಯಿ ಬಿಡಲಿಲ್ಲ; ಪರೀಕ್ಷೆಯ ಕೊಠಡಿಯಲ್ಲಿ ಮೇಷ್ಟರು ಉತ್ತರ ಹೇಳಕೂಡದು. ಹುಡುಗ ಬೆರಳು ಸರಿಸಿದ. ಗೆಲುವು ಕೈಯಲ್ಲಿದ್ದ ಗಾರ್ಚಾಂಪನ್ನು ಹಿಂದಕ್ಕೆ ಕರೆದು ಸಿಜರನ್ನು ಬಿಟ್ಟ. ಅದೇ ಗಳಿಗೆಯಲ್ಲಿ ಅತ್ತ ಅಣ್ಣನೂ ಮ್ಯಾಗ್ನಜೋನನ್ನು ಕರೆದು ವೀವೈಲನ್ನು ಬಿಟ್ಟಿದ್ದ. ಗಾರ್ಚಾಂಪನ್ನು ಬೇಟೆಯಾಡಲು ಬಂದ ವೀವೈಲು ಉಕ್ಕಿನ ಕೀಟದೆದುರು ನಿಂತಿತ್ತು. ಒಂದೇ ಗುದ್ದು.

ಮುಂದೆ ಚಾರಿಜಾರ್ಡ್ ಬಂದು ಸಿಜರನ್ನು ಸುಟ್ಟುಹಾಕಿತು. ಹುಡುಗ ಸಿಜರನ್ನು ಉಳಿಸಿಕೊಳ್ಳಲು ಯತ್ನಿಸಲಿಲ್ಲ. ನನಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಒಂದು ಬಿದ್ದಾಗ ಇನ್ನೊಂದು ಏಟಿಲ್ಲದೆ ಒಳಗೆ ಬರಬಹುದು. ಗಾರ್ಚಾಂಪ್ ಬಂತು, ಮೈಮೇಲೆ ಗೀರೂ ಇಲ್ಲದೆ. ಚಾರಿಜಾರ್ಡಿನ ವೇಗ 100, ಇದರದು 102. ಬಂಡೆಗಳನ್ನು ಉರುಳಿಸುವ ಪಟ್ಟು ಹಾಕಿದ. ಅದು ನೂರಕ್ಕೆ ಹತ್ತು ಸಲ ಗುರಿ ತಪ್ಪುತ್ತದೆ. ನನ್ನ ಮನೆಯಾಕೆಯ ಕೈಯಲ್ಲಿ ಹುರುಳಿಕಾಯಿ ಹಾಗೆಯೇ ನಿಂತಿತು. ಗುರಿ ತಪ್ಪಲಿಲ್ಲ. ಬೆಂಕಿಯ ಹಾರುಪ್ರಾಣಿಗೆ ಬಂಡೆ ನಾಲ್ಮಡಿ. ಕೊನೆಗೆ ಉಳಿದ ಮ್ಯಾಗ್ನಜೋನಿಗೆ ಭೂಕಂಪ. ಮುಗಿಯಿತು.

ಮೊದಲ ಎರಡು ಭಾನುವಾರ ಗಾರ್ಚಾಂಪ್ ಕಣಕ್ಕೆ ಬಂದು ಒಂದು ಏಟನ್ನೂ ಹೊಡೆಯದೆ ಬಿದ್ದಿತ್ತು. ಈ ದಿನ ಅದು ಹೊಡೆದದ್ದು ಎರಡೇ ಏಟು. ಮೂರನೆಯ ವೈರಿಯನ್ನು ಅದರ ಹೆಸರೇ ಎಳೆದುತಂದು ಸಿಜರಿನ ಕೈಗೆ ಒಪ್ಪಿಸಿತ್ತು.

ಸಂಜೆ ಬೆಂಗಳೂರಿನಿಂದ ದೂರವಾಣಿ ಬಂತು. ದೊಡ್ಡ ಹುಡುಗನ ದನಿ ಸಣ್ಣಗಾಗಿತ್ತು. ಪಣದ ಮಾತಿನಂತೆ ತನ್ನ ವೀವೈಲನ್ನು ಕೊಡಲು ಸಿದ್ಧನಿದ್ದೇನೆ ಎಂದ. ನಮ್ಮವನು ನನ್ನ ಮುಖ ನೋಡಿದ. ನಾನು ಪತ್ರಿಕೆಯನ್ನು ಅಡ್ಡ ಹಿಡಿದುಕೊಂಡೆ. "ಬೇಡ ಅಣ್ಣ, ಅದು ನಿನ್ನ ಹತ್ರಾನೇ ಇರ್ಲಿ. ನಮ್ಮ ಗಾರ್ಚಾಂಪಿಂದು ಒಂದು ಮೊಟ್ಟೆ ಇದೆ, ಮರಿಯಾದ ಮೇಲೆ ಕಳಿಸ್ತೀನಿ, ನೀನೂ ಒಂದು ಸಾಕು" ಎಂದ. ಆಮೇಲೆ ಮುಕ್ಕಾಲು ಗಂಟೆಯ ಹೊತ್ತು ಇಬ್ಬರೂ ಆ ಮರಿಗೆ ಯಾವ ನಾಲ್ಕು ಪಟ್ಟು ಕಲಿಸಬೇಕೆಂದು ಜಗಳವಾಡುತ್ತಿದ್ದರು. ಖಡ್ಗನೃತ್ಯ ಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.