ಟ್ರ್ಯಾಕ್ಟರ್ ನಿಂತರೂ ಕಂತು ನಿಲ್ಲೋದಿಲ್ಲ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನವರಿಗೆ ಒಂದು ಪ್ರಶ್ನೆ. ಪಹಣಿಗೆ ಬ್ಯಾಂಕಿನ ಬೋಜಾ ಏರಿಸಿ ಹೊಸ ಟ್ರ್ಯಾಕ್ಟರ್ ತಂದಿರಿ. ಬಿತ್ತಿಗೆ ಹೊತ್ತಿಗೆ ಇಂಜಿನ್ ಕೈಕೊಟ್ಟಿತು. ಬಡ್ಡಿ ನಿಂತೀತೇನ್ರಿ? ಮಾರಿದವ "ನಾಳೆ ಬರ್ರಿ" ಅಂತಾನ. ತೊಗರಿ ಬಿತ್ತುವ ಹದ ನಾಳೆತನಕ ಕಾಯೋದಿಲ್ಲ.

ಇದಕ್ಕೆ ಕಾನೂನು ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೋಗಿ, 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿ ಯಾವ ಊರಲ್ಲೇ ಇರಲಿ, ನೀವು ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ. ದೋಷ ಸಾಬೀತಾದರೆ ದುರಸ್ತಿ, ಬದಲಿ ಗಾಡಿ, ಹಣ ವಾಪಸು, ನಷ್ಟಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕುಂಟು.

"ವ್ಯಾಪಾರಕ್ಕೆ ಕೊಂಡದ್ದು, ಇವ ಗ್ರಾಹಕನಲ್ಲ" ಅಂತ ಎದುರಿನವರು ವಾದಿಸ್ತಾರ. ಹೆದರಬ್ಯಾಡ್ರಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಕೊಂಡು ತಾನೇ ಬಳಸುವ ಸರಕು ವ್ಯಾಪಾರದ್ದಲ್ಲ ಅಂತ ಕಾಯ್ದೆಯೇ ಹೇಳ್ತದ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಆದರೆ ಅಲ್ಲಿ ಬರೀ ಬಾಯಿಮಾತು ನಡೆಯೋದಿಲ್ಲ. ರಸೀದಿ, ವಾರಂಟಿ ಪುಸ್ತಕ ಜೋಪಾನ ಮಾಡ್ರಿ. ರಿಪೇರಿಗೆ ಬಿಟ್ಟಾಗಲೆಲ್ಲ ದೋಷ, ತಾರೀಕು ಬರೆದ ಜಾಬ್ ಕಾರ್ಡ್ ಕೇಳಿ ಇಸಕೊಳ್ರಿ. ಒಂದೇ ದೋಷ ಮತ್ತೆ ಮತ್ತೆ ಬಂದದ್ದು ಆ ಕಾಗದದಿಂದಲೇ ಗೊತ್ತಾಗ್ತದ. ಬೇಕಾದರೆ ಆಯೋಗ ತಜ್ಞರಿಂದ ಪರೀಕ್ಷೆ ಮಾಡಿಸ್ತದ. ದೂರಿಗೆ ಎರಡೇ ವರ್ಷ ಗಡುವು. ಮಾರಿದವನ ಮಾತು ನಂಬಿ ಅದನ್ನು ಕಳಕೋಬ್ಯಾಡ್ರಿ.

ಇನ್ನೊಂದು ಮಾತು: ಆಯೋಗದ ಆದೇಶವಿಲ್ಲದೆ ಕಂತು ನಿಲ್ಲಿಸಬ್ಯಾಡ್ರಿ. ಗಾಡಿ ಕೆಟ್ಟರೂ ಸಾಲ ಸಾಲವೇ. ಜಗಳ ಮಾರಿದವನ ಜೋಡಿ ಇರಲಿ, ಹೊಲ ನಿಮ್ಮ ಕೈಯಲ್ಲೇ ಇರಲಿ.